ತಾಯಿ ಪರದೆಗೆ ಅರಿಶಿನ

ನಮ್ಮನೆಯವರು ಭದ್ರಾವತಿಯ ಕಾರ್ಖಾನೆ ಕೆಲಸವನ್ನು ತಾವಾಗಿಯೇ ಬಿಟ್ಟಾಗ ನಾವು ಶಿವಮೊಗ್ಗದ ವಿನೋಬನಗರದಲ್ಲಿ ಬಾಡಿಗೆಗಿದ್ದೆವು. ಒಂದು ಕಂಪ್ಯೂಟರ್ ತಂದು ಮುಂದಿನ ಕೋಣೆಯಲ್ಲಿಟ್ಟರು. ಅಂಗಡಿಗಳಿಗೆ ಬಿಲ್ಲು, ಸ್ಟಾಕಿನ ಪ್ರೋಗ್ರಾಮ್ ಬರೆದುಕೊಡುತ್ತೇನೆ ಅಂದರು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಅಂಗಡಿಯವರಿಗೆ ಕಂಪ್ಯೂಟರ್ ನೋಡುವ ಆಸೆ ಇತ್ತು, ಇಟ್ಟುಕೊಳ್ಳುವ ಧೈರ್ಯ ಇರಲಿಲ್ಲ.

ನಮ್ಮ ಅಪ್ಪನಿಗೆ ಇದು ಹಿಡಿಸಲಿಲ್ಲ. ಅವರ ಗೆಳೆಯರೊಬ್ಬರ ಪೆಟ್ರೋಲ್ ಬಂಕಿನಲ್ಲಿ ಮ್ಯಾನೇಜರ್ ಕೆಲಸ ಖಾಲಿ ಇತ್ತು. ದೀಪಾವಳಿಯೊಳಗೆ ಒಂದು ಅಂಗಡಿಯಾದರೂ ಹಿಡಿಯದಿದ್ದರೆ ಕಂಪ್ಯೂಟರ್ ಮಾರಿ ಬಂಕಿಗೆ ಸೇರುತ್ತೇನೆ ಎಂದು ನಮ್ಮನೆಯವರು ಅಪ್ಪನಿಗೆ ಮಾತು ಕೊಟ್ಟುಬಿಟ್ಟರು. ಕೊಟ್ಟ ಮಾತಿಗೆ ತಪ್ಪುವವರಲ್ಲ. ನನಗೆ ಭಯ ಇದ್ದದ್ದೇ ಅಲ್ಲಿ. ಕಾರ್ಖಾನೆಯಲ್ಲಿದ್ದಷ್ಟು ವರ್ಷ ಮುಖ ಗಂಟು ಹಾಕಿಕೊಂಡು ಬರುತ್ತಿದ್ದ ಮನುಷ್ಯ ಈ ಪೆಟ್ಟಿಗೆಯ ಮುಂದೆ ಕೂತರೆ ಊಟಕ್ಕೆ ಕರೆದರೂ ನಗುತ್ತಲೇ ಬರುತ್ತಿದ್ದರು.

ಶಿವ ಕಣ್ಣುಬಿಟ್ಟ. ಶ್ರಾವಣದಲ್ಲಿ ಭದ್ರಾವತಿಯ ಒಂದು ಪಾತ್ರೆ ಅಂಗಡಿಯ ಸಾಹುಕಾರರು ಒಪ್ಪಿಕೊಂಡರು. ಅವರದು ಒಂದೇ ಷರತ್ತು. ದೀಪಾವಳಿ ಅಮಾವಾಸ್ಯೆಯ ಲಕ್ಷ್ಮೀಪೂಜೆಯಲ್ಲಿ ಹೊಸ ಲೆಕ್ಕ ಕಂಪ್ಯೂಟರಿನಲ್ಲೇ ಶುರುವಾಗಬೇಕು. ಆ ಮುಹೂರ್ತ ತಪ್ಪಿದರೆ ಮತ್ತೆ ಮುಂದಿನ ವರ್ಷದ ಮಾತು.

ಇಷ್ಟಾದರೂ ಇವರು ಮೊದಲ ಕೆಲವು ವಾರ ಬರೀ ಒಂದು ಖಾಲಿ ಪರದೆಯನ್ನೇ ತಿದ್ದುತ್ತಾ ಕೂತರು. ಮೇಲೆ ಹೆಸರು ಬರೆಯಲು ಒಂದು ಪಟ್ಟಿ, ಕೆಳಗೆ ಎರಡು ಗುಂಡಿ, ಮೂಲೆಯಲ್ಲಿ ತಾರೀಖಿನ ಚೌಕ, ಅಷ್ಟೇ. ಬಿಲ್ಲೂ ಇಲ್ಲ, ಸ್ಟಾಕೂ ಇಲ್ಲ. ಕಾಫಿ ಕೊಡಲು ಹೋದಾಗೆಲ್ಲ ಅದೇ ಖಾಲಿ ಪರದೆ. ಕೇಳಿದ್ದಕ್ಕೆ, "ಇದು ತಾಯಿ ಪರದೆ ಮಾರಾಯ್ತಿ. ಬಿಲ್ಲು, ಸ್ಟಾಕು, ಖರೀದಿ, ಇವೆಲ್ಲ ಇದರ ಮಕ್ಕಳು. ಬಣ್ಣ, ಗುಂಡಿ, ಚೌಕ ಎಲ್ಲಾ ಇದರಿಂದಲೇ ಅವಕ್ಕೆ ಇಳಿದು ಬರುತ್ತೆ. ಪ್ರತಿಯೊಂದಕ್ಕೂ ಮತ್ತೆ ಮಾಡೋ ಹಾಗಿಲ್ಲ" ಅಂದರು.

"ತಾಯಿಗೇ ಅಲಂಕಾರ ಮಾಡ್ತಾ ಕೂತರೆ ಮಕ್ಕಳಾಗೋದು ಯಾವಾಗ್ರೀ?" ಅಂದೆ. ನಕ್ಕರೇ ಹೊರತು ಕೈ ಬೇಗ ಓಡಿಸಲಿಲ್ಲ.

ಆದರೆ ಅವರ ಮಾತು ಸುಳ್ಳಾಗಲಿಲ್ಲ. ತಾಯಿ ಮುಗಿದ ಮೇಲೆ ಮಕ್ಕಳು ಸರಸರ ಹುಟ್ಟಿಕೊಂಡವು. ಹಬ್ಬಕ್ಕೆ ಒಂದು ವಾರ ಇರುವಾಗ ಭದ್ರಾವತಿಗೇ ಬಸ್ಸಿನಲ್ಲಿ ಹೋಗಿಬರುತ್ತಾ, ಅಂಗಡಿಯ ಹೊಸ ಕಂಪ್ಯೂಟರಿನ ಮುಂದೆಯೇ ಕೂತು ಕೊನೆಯ ಕೆಲಸ ಮುಗಿಸಿದರು.

ಅಮಾವಾಸ್ಯೆಯ ಸಂಜೆ ನನ್ನನ್ನೂ ಪೂಜೆಗೆ ಕರೆದಿದ್ದರು. ಅಂಗಡಿಯಲ್ಲಿ ಹಿತ್ತಾಳೆ ಕೊಡಗಳೆಲ್ಲ ಉಜ್ಜಿಸಿಕೊಂಡು ಹೊಳೆಯುತ್ತಿದ್ದವು. ಕಂಪ್ಯೂಟರಿಗೆ ಚೆಂಡುಹೂವಿನ ಸರ ಹಾಕಿದ್ದರು. ಸಾಹುಕಾರರ ತಾಯಿ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ಯಜಮಾನರು ತೀರಿಕೊಂಡ ಮೇಲೆ ಆ ಮನೆಗೆ ಅದು ಮೊದಲ ದೀಪಾವಳಿ.

ನಮ್ಮನೆಯವರು ಪರದೆ ತೆರೆದು ತೋರಿಸಿದರು. ಸಾಹುಕಾರರಿಗೆ ಖುಷಿಯೋ ಖುಷಿ. ಆ ತಾಯಿ ಮಾತ್ರ ಎದ್ದು ಹತ್ತಿರ ಬಂದು, ಕನ್ನಡಕ ಸರಿಮಾಡಿಕೊಂಡು, ಪರದೆಯನ್ನೇ ದಿಟ್ಟಿಸಿದರು. ಮೇಲಿನ ಪಟ್ಟಿ ಕಪ್ಪು, ಸುತ್ತ ಅಂಚೂ ಕಪ್ಪು. ದೂರಕ್ಕೂ ಬಿಳಿ ಅಕ್ಷರ ಚೆನ್ನಾಗಿ ಕಾಣಲಿ ಅಂತ ಇವರು ಹಾಗೆ ಮಾಡಿದ್ದರು.

"ಹೋದ ವರ್ಷ ಇಂಥದ್ದೇ ಕಪ್ಪು ಅಂಚಿನ ಕಾಗದ ಊರಿಗೆಲ್ಲ ಕಳಿಸಿದೀವಿ" ಅಂದರು ಆ ತಾಯಿ. "ಇದರಲ್ಲಿ ನನ್ನ ಮಗ ಲೆಕ್ಕ ಶುರು ಮಾಡೋದು ಬೇಡ."

ಜೋರು ಮಾಡಲಿಲ್ಲ ಅವರು. ಮದುವೆ ಕಾಗದಕ್ಕೆ ಅರಿಶಿನ ಹಚ್ಚುವ ಜನ ನಾವು, ಸಾವಿನ ಕಾಗದದ ಅಂಚು ನನ್ನ ಕಣ್ಣಿಗಾದರೂ ಬೀಳಬೇಕಿತ್ತು. ಸಾಹುಕಾರರು ಅಮ್ಮನ ಮುಖ ನೋಡಿದರು, ಇವರ ಮುಖ ನೋಡಿದರು. ಹಳೆ ಪದ್ಧತಿಯ ಕೆಂಪು ಲೆಕ್ಕದ ಪುಸ್ತಕ ಒಂದನ್ನು ಹುಡುಕಿ ತರುವಂತೆ ಒಳಗೆ ಹೇಳಿ ಕಳಿಸಿದರು. ಪೂಜೆಗೆ ಬಂದಿದ್ದ ಅಯ್ಯನವರು ಇನ್ನು ಅರ್ಧ ಗಂಟೆಯಷ್ಟೇ ಒಳ್ಳೆಯ ವೇಳೆ ಅಂದರು. ಅಷ್ಟೊಂದು ಪರದೆ, ಒಂದೊಂದಕ್ಕೂ ಬಣ್ಣ ಬದಲಿಸುತ್ತಾ ಹೋದರೆ ಬೆಳಗಾಗುತ್ತೆ ಅಂದುಕೊಂಡ ನನಗೆ ಆಗಲೇ ಬಂಕಿನ ಪೆಟ್ರೋಲ್ ವಾಸನೆ ಬಡಿಯಿತು.

ನಮ್ಮನೆಯವರು ಮಾತ್ರ ಕುರ್ಚಿ ಎಳೆದುಕೊಂಡು, "ಯಾವ ಬಣ್ಣ ಆಗಬೇಕಮ್ಮ?" ಎಂದು ಕೇಳಿದರು.

ಆ ತಾಯಿ ಪೂಜೆಯ ತಟ್ಟೆ ತೋರಿಸಿದರು. ಅರಿಶಿನದ ಪಟ್ಟಿ, ಕುಂಕುಮದ ಅಕ್ಷರ.

ಆಗ ನನಗೆ ನೆನಪಾಯಿತು, ಬಣ್ಣ ಇರುವುದು ತಾಯಿ ಪರದೆಯಲ್ಲಿ. ತಟ್ಟೆ ಎತ್ತಿ ಪರದೆಯ ಪಕ್ಕಕ್ಕೇ ಹಿಡಿದೆ. ಇವರು ಬಣ್ಣದ ಚೌಕಗಳಲ್ಲಿ ಒಂದನ್ನು ಒತ್ತಿದರು, ನಿಂಬೆಯ ಹಾಗಾಯಿತು. "ಇನ್ನೂ ಸ್ವಲ್ಪ ಕೆಂಪಗೆ" ಅಂದೆ. ಇನ್ನೊಂದು ಒತ್ತಿದರು. ಸರಿಹೋಯಿತು. ತಾಯಿ ಪರದೆ ಒಂದನ್ನೇ ತಿದ್ದಿ, ಪ್ರೋಗ್ರಾಮನ್ನು ಮತ್ತೆ ಕಟ್ಟಲು ಬಿಟ್ಟು ಕೈಕಟ್ಟಿ ಕೂತರು. ಕರೆಂಟು ಹೋಗದಿರಲಪ್ಪಾ ಅಂತ ನಾನು ಪಂಚಾಕ್ಷರಿ ಹೇಳಿಕೊಳ್ಳುತ್ತಾ ನಿಂತೆ. ಹಬ್ಬದ ಸಂಜೆ ಊರೆಲ್ಲ ದೀಪದ ಸರ ಉರಿಯುವಾಗ ಕರೆಂಟು ಹೋಗದೆ ಉಳಿದದ್ದೂ ಶಿವನ ಕೃಪೆಯೇ.

ತೆರೆದರು. ಬಿಲ್ಲಿನ ಪರದೆ ಅರಿಶಿನ. ಖರೀದಿ ಅರಿಶಿನ. ಗಿರಾಕಿಗಳದ್ದು, ವಾಪಸು ಬಂದ ಮಾಲಿನದ್ದು, ಒಂದಾದ ಮೇಲೊಂದು ಅರಿಶಿನ. ಸಾಹುಕಾರರು "ಏನ್ ಸಾರ್, ಒಂದೇ ಕಡೆ ಮುಟ್ಟಿದ್ರಲ್ಲ!" ಅಂದರು. ಇವರು ಸ್ಟಾಕಿನ ಪರದೆ ತೆರೆದರು. ಅದು ಕಪ್ಪಗೇ ಇತ್ತು.

ಇವರ ಕಿವಿ ಕೆಂಪಾಯಿತು. "ಈ ಒಂದಕ್ಕೆ ಮಾತ್ರ ಶುರುವಿನಲ್ಲಿ ನಾನೇ ಕೈಯಾರೆ ಕಪ್ಪು ಅಂತ ಬರೆದುಬಿಟ್ಟಿದ್ದೆ, ಹಾಗೆ ಸ್ವಂತಕ್ಕೆ ಬರೆದಿಟ್ಟರೆ ಅದು ತಾಯಿಯ ಬಣ್ಣ ತೆಗೆದುಕೊಳ್ಳೋದಿಲ್ಲ" ಎಂದು ತಡವರಿಸುತ್ತಾ ವಿವರಿಸಿದರು.

ಆ ತಾಯಿ ಮಗನ ಕಡೆ ತಿರುಗಿ, "ಎಲ್ಲಾ ಮನೇಲೂ ಒಂದು ಹಂಗಿರುತ್ತೆ ಬಿಡು" ಅಂದರು.

ಮೊದಲು ನಕ್ಕವರು ಅಯ್ಯನವರು. ಆಮೇಲೆ ಎಲ್ಲರೂ. ಇವರು ಅಲ್ಲಿ ಬರೆದಿದ್ದ ಕಪ್ಪನ್ನು ಅಳಿಸಿದರು. ಅದರ ಜಾಗದಲ್ಲಿ ಬೇರೆ ಬಣ್ಣ ಬರೆಯಲೂ ಇಲ್ಲ, ಖಾಲಿ ಬಿಟ್ಟರು ಅಷ್ಟೇ. ಈ ಸಲ ತೆರೆದಾಗ ಅದೂ ಅರಿಶಿನವಾಗಿ ಬಂತು. ಕೆಂಪು ಪುಸ್ತಕ ಒಳಗಿಂದ ಬರುವಷ್ಟರಲ್ಲಿ ಅದರ ಅಗತ್ಯ ಇರಲಿಲ್ಲ. ಸಾಹುಕಾರರು ಮೊದಲ ಬಿಲ್ಲು ಹೊಡೆದರು, ಒಂದು ಹಿತ್ತಾಳೆ ಆರತಿ ತಟ್ಟೆಗೆ. ಆ ತಾಯಿ ಪರದೆಯನ್ನು ಮತ್ತೊಮ್ಮೆ ನೋಡಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಊಟಕ್ಕೆ ಏಳಿ ಅಂದರು.

ಶಿವಮೊಗ್ಗದ ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಊರು ದಾಟಿದ ಮೇಲೆ ಇವರು, "ನಾಳೆ ನಿಮ್ಮಪ್ಪನಿಗೆ ಫೋನ್ ಮಾಡಿ, ಬಂಕಿಗೆ ಬೇರೆಯವರನ್ನ ನೋಡ್ಕೊಳ್ಳಿ ಅಂತ ಹೇಳ್ತೀಯಾ?" ಅಂದರು.

"ನೀವೇ ಹೇಳ್ರೀ."

"ನಾನು ಹೇಳಿದ್ರೆ ಜಂಬ ಅಂತಾರೆ."

ಬೆಳಿಗ್ಗೆ ಎಸ್‌ಟಿಡಿ ಬೂತಿಗೆ ಹೋಗಿ ನಾನೇ ಹೇಳಿದೆ. ಬೈಯುತ್ತಾರೇನೋ ಅಂದುಕೊಂಡೆ. ಅಪ್ಪ ಗಂಟಲು ಸರಿಮಾಡಿಕೊಂಡು, ಆ ಅಂಗಡಿಯಲ್ಲಿ ನಿನ್ನ ಗಂಡನ ಹೆಸರು ಹೇಳಿದರೆ ಕುಕ್ಕರಿಗೆ ಏನಾದರೂ ಕಡಿಮೆ ಮಾಡುತ್ತಾರಾ ಎಂದು ಕೇಳಿದರು.