ಲಘುತ್ತಮ ಯಾಕೆ ದೊಡ್ಡದು

ಡೊಂಬಿವ್ಲಿಯ ನಮ್ಮ ಕಟ್ಟಡದ ಹಿಂದಿನ ಚಾಳಿನಲ್ಲಿ ಬಿಜಾಪುರದ ಕಡೆಯ ಹೆಂಗಸೊಬ್ಬಳಿದ್ದಳು. ಗಂಡ ಗೋದಾಮಿನಲ್ಲಿ ಲೋಡಿಂಗ್ ಕೆಲಸಕ್ಕೆ ಹೋಗುತ್ತಿದ್ದ. ಇವಳು ಹಳೆ ಸೀರೆಗಳಿಂದ ಕೌದಿ ಹೊಲಿದು ಕೊಡುತ್ತಿದ್ದಳು. ನಾನು ಉಡುಪಿಯಿಂದ ಮದುವೆಯಾಗಿ ಬಂದವಳು. ಸಂಜೆ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದೆ.

ಒಂದು ಮಧ್ಯಾಹ್ನ ಅವಳು ಬಂದು ಬಾಗಿಲಲ್ಲೇ ನಿಂತು, "ಅಕ್ಕಾರ, ಲೆಕ್ಕಾ ಕಲಿಸ್ತೀರೇನ್ರಿ?" ಎಂದಳು.

"ಮಗಳಿಗಾ?"

"ಅಲ್ರೀ, ನನಗ."

ಮಗಳು ಮರಾಠಿ ಶಾಲೆಯಲ್ಲಿ ಆರನೇ ಕ್ಲಾಸು. ಹಿಂದಿನ ದಿನ ಮನೆಪಾಠ ಮಾಡುವಾಗ 'ಮಸಾವಿ', 'ಲಸಾವಿ' ಎನ್ನುತ್ತಿದ್ದಳಂತೆ. ಅದೇನು ಎಂದು ತಾಯಿ ಕೇಳಿದರೆ, "ಆಯೀ, ತುಲಾ ನಾಹೀ ಕಳಣಾರ್" ಎಂದಿದ್ದಳು. ನಿನಗೆ ತಿಳಿಯೋದಿಲ್ಲ ಎಂಬ ಆ ಮಾತು ತಾಯಿಗೆ ನಾಟಿತ್ತು. ಅವಳು ಐದನೆಯ ತರಗತಿಗೇ ಶಾಲೆ ಬಿಟ್ಟವಳು.

ನಮ್ಮ ಶಾಲೆಗಳಲ್ಲಿ ಮ.ಸಾ.ಅ., ಲ.ಸಾ.ಅ. ಎನ್ನುವುದೇ ಅದು, ಮಹತ್ತಮ ಸಾಮಾನ್ಯ ಅಪವರ್ತನ, ಲಘುತ್ತಮ ಸಾಮಾನ್ಯ ಅಪವರ್ತ್ಯ ಎಂದು ಬಿಡಿಸಿ ಹೇಳಿ ಶುರು ಮಾಡಿದೆ. ಅವಳ ಗುಣಾಕಾರ ಚುರುಕಾಗಿತ್ತು. ಆದರೆ ನಾಲ್ಕು ಮತ್ತು ಆರರ ಲ.ಸಾ.ಅ. ಕೇಳಿದಾಗ ಎರಡು ಎಂದು ಬರೆದಳು.

"ಹನ್ನೆರಡು ಬರ್ಬೇಕು. ಎರಡು ಮ.ಸಾ.ಅ. ಆಯ್ತಲ್ಲ" ಎಂದೆ.

"ಲಘುತ್ತಮ ಅಂದ್ರ ಸಣ್ಣದು ಅಂದ್ರಿ. ಮಹತ್ತಮ ದೊಡ್ಡದು ಅಂದ್ರಿ. ಮತ್ತ ಸಣ್ಣದು ಹನ್ನೆರಡು, ದೊಡ್ಡದು ಎರಡು ಹೆಂಗಾತ್ರಿ?"

ನಾನು ಭಾಗಿಸುವ ಕ್ರಮವನ್ನೇ ಇನ್ನೊಮ್ಮೆ ತೋರಿಸಿದೆ. ಅವಳು ತಲೆಯಾಡಿಸಿದಳು. ಆಮೇಲೆ ಕೆಲವು ದಿನ ಬರಲೇ ಇಲ್ಲ.

ನಾನೇ ಚಾಳಿಗೆ ಹೋದೆ. ಸುತ್ತ ಬಟ್ಟೆ ಹರಡಿಕೊಂಡು ಕೂತಿದ್ದಳು.

"ಯಾಕೆ ಬರ್ಲಿಲ್ಲ ಮಾರಾಯ್ತಿ?"

"ನನ್ನ ತಲ್ಯಾಗ ಹೋಗೂದಿಲ್ರಿ ಅದು. ಮಗಳು ಅಂದಿದ್ದ ಖರೆ."

ಕೆಳಗೆ ಬಿದ್ದ ಎರಡು ಪಟ್ಟಿಗಳನ್ನು ಎತ್ತಿಕೊಂಡೆ. ಒಂದು ನಾಲ್ಕು ಬೆರಳು ಉದ್ದ, ಇನ್ನೊಂದು ಆರು ಬೆರಳು. "ಎರಡನ್ನೂ ಒಂದೇ ಅಳತೆಯ ತುಂಡು ಮಾಡ್ಬೇಕು, ಏನೂ ಉಳಿಯಬಾರ್ದು. ಎಷ್ಟು ದೊಡ್ಡ ತುಂಡು ಮಾಡ್ಬಹುದು?"

"ಎರಡು ಬೆರಳಿಂದು. ಅದಕ್ಕಿಂತ ದೊಡ್ಡದು ಬರೂದಿಲ್ಲ."

"ಅದೇ ಮಹತ್ತಮ. ಈಗ ಕತ್ತರಿಸ್ಬೇಡ, ಜೋಡಿಸು. ಮೇಲಿನ ಸಾಲಿಗೆ ನಾಲ್ಕರದ್ದು, ಕೆಳಗಿನ ಸಾಲಿಗೆ ಆರರದ್ದು."

ಅವಳು ಅದೇ ಅಳತೆಯ ಇನ್ನಷ್ಟು ಪಟ್ಟಿಗಳನ್ನು ಆರಿಸಿಕೊಂಡು ಸಾಲಾಗಿ ಇಡುತ್ತ ಹೋದಳು. ಮೇಲೆ ಮೂರು, ಕೆಳಗೆ ಎರಡು ಇಟ್ಟಾಗ ಎರಡೂ ಸಾಲು ಒಂದೇ ಕಡೆ ಮುಗಿದವು. ಹನ್ನೆರಡು ಬೆರಳು. ಕೈ ನಿಲ್ಲಿಸಿದಳು. "ಹಿಂಗ ಇಟಗೋತ ಹೋದ್ರ ಮುಂದ ಇಪ್ಪತ್ನಾಕಕ್ಕೂ ಕೂಡ್ತಾವಲ್ರಿ?"

"ಹೌದು. ಮೂವತ್ತಾರಕ್ಕೂ."

"ಕೂಡು ಜಾಗಾದಾಗ ಎಲ್ಲಾಕ್ಕಿಂತ ಇದ ಸಣ್ಣದು!" ಎಂದು ಜೋರಾಗಿ ನಕ್ಕಳು. ನನಗೂ ನಗು ಬಂತು. ಶಾಲೆಯಲ್ಲಿ ಆ ಹೆಸರಿನ ಅರ್ಥವನ್ನು ನನಗೆ ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಅಷ್ಟರಲ್ಲಿ ಮಗಳು ಶಾಲೆಯಿಂದ ಬಂದಳು. ಚೀಲ ಇಳಿಸುವುದಕ್ಕೂ ಬಿಡದೆ ತಾಯಿ ಅವಳನ್ನು ಕೂರಿಸಿಕೊಂಡು, "ಲಸಾವಿ ಯಾಕ ದೊಡ್ಡದು ಬರ್ತದ, ಹೇಳು" ಎಂದಳು. ಹುಡುಗಿಗೆ ಲೆಕ್ಕ ಬರುತ್ತಿತ್ತು, ಕಾರಣ ಗೊತ್ತಿರಲಿಲ್ಲ. ತಾಯಿ ತುಂಡು ಇಟ್ಟು ತೋರಿಸಿದಳು. ಮಗಳು ನೋಡಿ, "ಹೋ, ಬರೋಬರ್" ಎಂದು ಒಪ್ಪಿ ತಾಯಿಯ ಪಕ್ಕಕ್ಕೆ ಸರಿದು ಕೂತಳು. ಅವತ್ತಿನ ಮನೆಪಾಠ ಇಬ್ಬರೂ ಸೇರಿ ಮಾಡಿದರು.

ತಾಯಿ ಪಾಠ ಬಿಡಲಿಲ್ಲ. ಕೆಲವು ವರ್ಷಗಳ ನಂತರ ಹೊರಗಿನಿಂದ ಹತ್ತನೆಯ ಪರೀಕ್ಷೆಗೆ ಕೂತಳು. ಗಣಿತ ಮೊದಲ ಸಲ ಹೋಯಿತು, ಮರುವರ್ಷ ಪಾಸಾಯಿತು. ಆಮೇಲೆ ಅವರು ಟಿಟ್ವಾಳಾಕ್ಕೆ ಮನೆ ಬದಲಿಸಿದರು. ಅಲ್ಲಿನ ಒಂದು ಬಾಲವಾಡಿಯಲ್ಲಿ ಕೆಲಸ ಸಿಕ್ಕಿದೆ, ಮಕ್ಕಳಿಗೆ ಮರಾಠಿಯಲ್ಲೇ ಎಣಿಸಲು ಕಲಿಸುತ್ತೇನೆ ಎಂದು ಫೋನ್ ಮಾಡಿ ಹೇಳಿದಳು.