ಬೆಂದದ್ದು ಕಾಲು, ಉರಿದದ್ದು ಕೈ

ಬೀಡಿ ಕಟ್ಟುತ್ತಾ ಕುಳಿತಲ್ಲಿ ಯಾರಾದರೂ ಇಂಥ ಸಂಗತಿ ಹೇಳಿದರೆ ಮೊದಲು ನಗುತ್ತಿದ್ದವಳು ನಾನು. ಈಗ ನಾನೇ ಹೇಳಲು ಹೊರಟಿದ್ದೇನೆ. ನೀವು ನಕ್ಕರೆ ಬೇಸರವಿಲ್ಲ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಆದದ್ದನ್ನು ಆದ ಹಾಗೆ ಬರೆಯಲು ಮಾತ್ರ ನನಗೆ ಗೊತ್ತು.

ಮೊದಲು ಬೆರಳ ತುದಿಯಲ್ಲಿ ಇರುವೆ ಹರಿದ ಹಾಗೆ ಆಗುತ್ತಿತ್ತು. ನಲವತ್ತು ವರ್ಷ ಬೀಡಿ ಕಟ್ಟಿದ ಕೈ, ಸವೆದಿರಬೇಕು ಎಂದು ಸುಮ್ಮನಿದ್ದೆ. ಬರಬರುತ್ತಾ ಎಲೆ ಸುರುಳಿ ಸುತ್ತಿದ್ದೂ ನೂಲು ಬಿಗಿದದ್ದೂ ಬೆರಳಿಗೆ ತಿಳಿಯದಾಯಿತು. ಬೀಡಿ ಸಡಿಲವೆಂದು, ಕಟ್ಟಿದ ಬೀಡಿ ತೆಗೆದುಕೊಳ್ಳುವ ಬ್ರಾಂಚಿನಲ್ಲಿ ವಾಪಸು ಹಾಕಿದರು. ಆಮೇಲೆ ಪಾದಕ್ಕೂ ಬಂತು. ಒಂದು ಚಪ್ಪಲಿ ದಾರಿಯಲ್ಲೇ ಕಳಚಿ ಬಿದ್ದದ್ದು ಮನೆಯ ಮೆಟ್ಟಿಲು ಹತ್ತುವಾಗ ಕಣ್ಣಿಗೆ ಬಿತ್ತೇ ಹೊರತು ಕಾಲಿಗೆ ಗೊತ್ತಾಗಲಿಲ್ಲ.

ಮಗಳು ಸುಮಾ ಡಾಕ್ಟರಲ್ಲಿಗೆ ಕರೆದುಕೊಂಡು ಹೋದಳು. ಶುಗರ್ ಇರಲಿಲ್ಲ. ವಿಟಮಿನ್ ಇಂಜೆಕ್ಷನ್ ಕೊಟ್ಟರು. ಸಣ್ಣ ಕರೆಂಟು ಹಾಯಿಸಿ ನರ ನೋಡಿದರು, ಕುತ್ತಿಗೆಯ ಸ್ಕ್ಯಾನಿಂಗ್ ಆಯಿತು. ಎಲ್ಲದರಲ್ಲೂ ನಾರ್ಮಲ್. ಬೇರೆಯವರಿಗೆ ಆ ಮಾತು ಕೇಳಿದರೆ ಸಂತೋಷ. ನನಗೆ ಮಾತ್ರ, ಇಲ್ಲದ ಕಾಯಿಲೆ ಹೇಳಿಕೊಂಡು ತಿರುಗುತ್ತಿದ್ದೇನೋ ಎಂದು ನಾಚಿಕೆ.

ಅಷ್ಟರಲ್ಲಿ ಸುಮಾ ಹೆತ್ತಳು. ಮದುವೆಯಾಗಿ ಹನ್ನೊಂದು ವರ್ಷದ ಮೇಲೆ, ಹೆಣ್ಣು ಮಗು! ನನ್ನ ಸಂತೋಷವನ್ನು ಹೇಗೆ ಬರೆಯಲಿ? ಕುಲಶೇಖರದ ನಮ್ಮ ಮನೆಯಿಂದ ಬಸ್ ಸ್ಟಾಪಿನವರೆಗೆ ಸಿಕ್ಕಿದವರಿಗೆಲ್ಲ ಹೇಳಿದೆ. ಮೀನಿನವಳಿಗೆ ಎರಡು ಸಲ ಹೇಳಿದೆ. ಬಾಣಂತನಕ್ಕೆ ಮಗಳು ನನ್ನಲ್ಲಿಗೇ ಬಂದಳು. ನಮ್ಮಲ್ಲಿ ಮಗುವನ್ನು ಕಾಲ ಮೇಲೆ ಮಲಗಿಸಿ ಮೀಯಿಸುವುದು ಅಜ್ಜಿಯ ಕೆಲಸ. ಕೆಲಸ ಅಲ್ಲ, ಹಕ್ಕು. ಕೈಗೆ ಬಿಸಿ ತಿಳಿಯುವುದಿಲ್ಲ ಎಂದರೆ ಆ ಹಕ್ಕು ಸಂಬಳದ ಹೆಂಗಸಿಗೆ ಹೋಗುತ್ತದೆ.

"ಕೈ ಈಗ ಹೇಗುಂಟಮ್ಮ?" ಎಂದು ಸುಮಾ ಕೇಳಿದಾಗ, "ಇಂಜೆಕ್ಷನ್ ಹಿಡಿಯಿತು ಮಗಾ, ಈಗ ಎಂತದೂ ಇಲ್ಲ" ಎಂದುಬಿಟ್ಟೆ.

ಹಸಿ ಸುಳ್ಳು. ನೀರಿನ ಬಿಸಿಯನ್ನು ಯಾರಿಗೂ ತಿಳಿಯದಂತೆ ಮೊಣಕೈ ಅದ್ದಿ ನೋಡುತ್ತಿದ್ದೆ. ಮೊಣಕೈ ಇನ್ನೂ ನನ್ನದಾಗಿಯೇ ಇತ್ತು.

ನಾಲ್ಕನೇ ವಾರದ ಒಂದು ಬೆಳಗ್ಗೆ ಅದು ನಡೆಯಿತು. ಬಿಸಿನೀರಿಗೆ ತಣ್ಣೀರು ಬೆರೆಸುವುದು ಹೆಣ ಮೀಯಿಸುವಾಗ, ಬದುಕಿದವರಿಗೆ ತಣ್ಣೀರಿನ ಮೇಲೆ ಬಿಸಿನೀರು ಹೊಯ್ಯಬೇಕು ಎಂದು ನನ್ನ ತಾಯಿ ಕಲಿಸಿದ್ದರು. ಹಾಗಾಗಿ ಅರ್ಧ ಬಕೆಟ್ ತಣ್ಣೀರು ಹಿಡಿದಿಟ್ಟೇ ನಾನು ಮಗುವಿಗೆ ಎಣ್ಣೆ ಹಚ್ಚಲು ಹೋಗುತ್ತಿದ್ದದ್ದು. ಆ ದಿನ ಸುಮಾ ಆ ನೀರು ಚೆಲ್ಲಿ, ಮಗುವಿನ ಬಟ್ಟೆ ನೆನೆಸಲೆಂದು ಅದೇ ಬಕೆಟಿಗೆ ಗೀಸರಿನ ನೀರು ಹಿಡಿದಿದ್ದಳು. ನಾನು ಬಂದು ಅರ್ಧ ಬಕೆಟ್ ನೀರು ಕಂಡೆ. ತಣ್ಣೀರೇ ಎಂದುಕೊಂಡು ಅದರ ಮೇಲೆ ಮತ್ತೆ ಗೀಸರ್ ತಿರುಗಿಸಿದೆ.

ಪಕ್ಕದ ಮನೆಯ ಐರಿನ್ ಬಾಯಿ ಬಚ್ಚಲ ಬಾಗಿಲಲ್ಲಿ ನಿಂತಿದ್ದರು.

"ಮೂಗು ಅಜ್ಜಿಯದ್ದೇ ಮಾರಾಯ್ರೆ! ಇದಕ್ಕೆ ಗಂಡು ಹುಡುಕುವುದು ಹೇಗೆ?"

"ನನಗೆ ಸಿಗಲಿಲ್ವಾ? ಹಾಗೇ ಒಬ್ಬ ಕುರುಡ ಸಿಗ್ತಾನೆ!" ಎಂದು ನಾನು ನಕ್ಕೆ. ಆ ನಗುವಿನಲ್ಲಿ ಮೊಣಕೈ ಅದ್ದಲು ಮರೆತೆ.

ಮಣೆಯ ಮೇಲೆ ಕುಳಿತು, ಮಗುವನ್ನು ಕಾಲ ಮೇಲೆ ಮಲಗಿಸಿ, ಕೆಂಪು ಮಗ್ಗಿನ ತುಂಬ ನೀರು ಎತ್ತಿದೆ. ಇನ್ನೇನು ಎದೆಯ ಮೇಲೆ ಹೊಯ್ಯಬೇಕು, ಕೈ ಹತ್ತಿ ಉರಿಯಿತು. ಕೆಂಡ ಹಿಡಿದ ಹಾಗೆ, ಐದೂ ಬೆರಳು. ತಿಂಗಳುಗಟ್ಟಲೆ ಸತ್ತಂತಿದ್ದ ಕೈ! ಕಿರುಚಿ ಮಗ್ಗನ್ನು ಗೋಡೆಯತ್ತ ಎಸೆದೆ. ಸುಮಾ ಓಡಿ ಬಂದು ಮಗುವನ್ನು ಎತ್ತಿಕೊಂಡಳು. ಏಳಲು ಹೋದ ನಾನು ಬಕೆಟನ್ನು ಉರುಳಿಸಿದೆ.

"ಅಯ್ಯೋ ದೇವರೇ, ನಿಮ್ಮ ಕಾಲು ನೋಡಿ!" ಎಂದು ಐರಿನ್ ಬಾಯಿ ಕೂಗಿದಾಗಲೇ ನಾನು ನೋಡಿದ್ದು. ಬಲಪಾದ ಬೆಂದು ಕೆಂಪಾಗಿತ್ತು, ಸ್ವಲ್ಪ ಹೊತ್ತಿನಲ್ಲಿ ಗುಳ್ಳೆ ಎದ್ದಿತು. ಪಾದಕ್ಕೆ ಏನೂ ತಿಳಿಯಲಿಲ್ಲ. ಉರಿದ ಕೈಯಲ್ಲಿ ಒಂದು ಕಲೆಯೂ ಇರಲಿಲ್ಲ. ಐರಿನ್ ಬಾಯಿ ಮಗ್ಗನ್ನು ಎತ್ತಿ, "ಇದರ ಹಿಡಿ ತಣ್ಣಗೇ ಉಂಟಲ್ಲ" ಎಂದರು. ಮಗುವಿಗೆ ಒಂದು ಹನಿಯೂ ತಾಗಿರಲಿಲ್ಲ.

ಆ ದಿನವೇ ಸುಮಾಳಿಗೆ ನಿಜ ಹೇಳಿದೆ. ಅವಳು ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು. ರಾತ್ರಿ ಮಗುವನ್ನು ನನ್ನ ಮಡಿಲಿಗೆ ಕೊಟ್ಟು, "ನಾಳೆಯಿಂದ ಮಗು ನಿನ್ನ ಕಾಲ ಮೇಲೆ, ನೀರು ನನ್ನ ಕೈಯಲ್ಲಿ" ಎಂದಳು. ನನಗೆ ಅಳು ಬಂತು.

ಕಾಲಿಗೆ ಮದ್ದು ಹಾಕಿಸಲು ಹೋದಾಗ ಡಾಕ್ಟರಿಗೂ ಹೇಳಿದೆ. ಹಬೆ ತಾಗಿರಬಹುದು ಎಂದರು. ಹಬೆ ತಾಗಿದ ಕೈಗೆ ತಿಳಿದದ್ದು ನೀರು ಬಿದ್ದ ಕಾಲಿಗೆ ಯಾಕೆ ತಿಳಿಯಲಿಲ್ಲ ಎಂದು ಕೇಳಿದೆ.

"ನರಗಳು ಕೆಲವೊಮ್ಮೆ ಸುಳ್ಳು ಹೇಳ್ತವೆ ಅಮ್ಮ."

"ಸುಳ್ಳು ಹೇಳಿದ್ದು ನಾನು ಡಾಕ್ಟ್ರೇ. ಅವು ಆ ದಿನ ನಿಜವನ್ನೇ ಹೇಳಿದವು."

ಅವರು ನಕ್ಕು, ಇನ್ನೊಂದು ಟೆಸ್ಟ್ ಬರೆದುಕೊಟ್ಟರು. ಅದೂ ನಾರ್ಮಲ್ ಬಂತು.

ಇದಾಗಿ ಎರಡು ವರ್ಷ. ಕಾಯಿಲೆಗೆ ಇನ್ನೂ ಹೆಸರು ಸಿಕ್ಕಿಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ ಆ ಕೆಂಪು ಮಗ್ಗಿನಲ್ಲಿ ಬಿಸಿನೀರು ತುಂಬಿಸಿ ಹಿಡಿದು ಕುಳಿತದ್ದುಂಟು. ಕೈ ಮತ್ತೆ ಒಮ್ಮೆಯೂ ಮಾತಾಡಲಿಲ್ಲ. ಮೊಮ್ಮಗಳು ಈಗ ನನ್ನ ಬೆರಳು ಹಿಡಿದು ಅಂಗಡಿಗೆ ಎಳೆಯುತ್ತಾಳೆ. ಹಿಡಿದಿದ್ದಾಳೋ ಬಿಟ್ಟಳೋ ಎಂದು ನಾನು ಬಗ್ಗಿ ಬಗ್ಗಿ ನೋಡುತ್ತಾ ನಡೆಯುತ್ತೇನೆ.