ಪಟೇಲರ ಕೋವಿಯ ಒದೆ

ದೃಷ್ಟಿ ತಾಕುತ್ತದೆ ಎನ್ನುವವರೊಡನೆ ನಾನು ಅರ್ಧ ಆಯಸ್ಸು ಜಗಳವಾಡಿದ್ದೇನೆ. ಮಗುವಿನ ಕೆನ್ನೆಗೆ ಕಪ್ಪು ಚುಕ್ಕೆ ಇಡುವುದು, ಹೊಸ ಮನೆಗೆ ಬೂದುಗುಂಬಳಕಾಯಿ ಕಟ್ಟುವುದು, ಇವೆಲ್ಲ ಕೆಲಸವಿಲ್ಲದವರ ಕೆಲಸ ಎನ್ನುತ್ತಿದ್ದೆ. ಒಬ್ಬನ ಹೊಟ್ಟೆಕಿಚ್ಚಿನಿಂದ ಇನ್ನೊಬ್ಬನ ವಸ್ತು ಹಾಳಾಗುವುದಾದರೆ ನನ್ನ ಷಡ್ಡಕನ ಮನೆಯಲ್ಲಿ ಒಂದು ಸೌಟೂ ಉಳಿಯುತ್ತಿರಲಿಲ್ಲ. ಈಗಲೂ ನಾನು ಚುಕ್ಕೆ ಇಡುವವನಲ್ಲ, ಆದರೆ ಜಗಳ ಬಿಟ್ಟಿದ್ದೇನೆ. ಏಕೆ ಬಿಟ್ಟೆ ಎಂಬುದನ್ನು ಇದ್ದದ್ದು ಇದ್ದಂತೆ ಹೇಳುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಆಗ ನಾನು ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ಗುಮಾಸ್ತ. ಯುದ್ಧ ಮುಗಿದಿತ್ತು, ಸ್ವಾತಂತ್ರ್ಯ ಇನ್ನೂ ಬಂದಿರಲಿಲ್ಲ. ಕೋವಿಯ ಹುಚ್ಚಿದ್ದವರಿಗೆ ಆ ಕಾಲ ಸುಗ್ಗಿಯ ಕಾಲ. ಬಿಳಿ ದೊರೆಗಳು ಊರಿಗೆ ಹೊರಡಲು ಗಂಟುಮೂಟೆ ಕಟ್ಟುತ್ತಿದ್ದರು. ಹಳೆಯ ಅಧಿಕಾರಿಗಳು ಪಿಂಚಣಿ ಪಡೆದು ಊರು ಸೇರುತ್ತಿದ್ದರು. ತಂದೆ ಬಿಟ್ಟು ಹೋದ ಕೋವಿಗೆ ಲೈಸೆನ್ಸಿನ ತಂಟೆ ಯಾರಿಗೆ ಬೇಕು ಎಂದು ಮಕ್ಕಳು ಮಾರುತ್ತಿದ್ದರು. ಒಳ್ಳೊಳ್ಳೆಯ ವಿಲಾಯತಿ ಬಂದೂಕುಗಳು ಕಡ್ಲೆಪುರಿಯ ಬೆಲೆಗೆ ಕೈ ಬದಲಾಯಿಸಿದವು. ನಾನು ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿದರೆ ಸಾಕು, ಅದು ಎಂಥದು, ಎಷ್ಟು ದುಡಿದಿದೆ ಎಂದು ಹೇಳಬಲ್ಲೆ. ಆದರೆ ನನಗೆ ಒಂದೂ ಸಿಗಲಿಲ್ಲ. ಸುದ್ದಿ ನನ್ನ ಕಿವಿಗೆ ಬೀಳುವ ಹೊತ್ತಿಗೆ ಕೋವಿ ಹೋಗಿರುತ್ತಿತ್ತು. ನನಗಿದ್ದುದು ನಮ್ಮಪ್ಪನ ಕೇಪಿನ ಕೋವಿ ಒಂದೇ. ಒಂದು ಈಡು ಹೊಡೆದು, ಮತ್ತೆ ಮದ್ದು ತುಂಬಿ ಗಜ ಹಾಕಿ ಜಡಿಯುವಷ್ಟರಲ್ಲಿ ಹಂದಿ ಪಕ್ಕದ ತಾಲ್ಲೂಕು ಮುಟ್ಟುತ್ತಿತ್ತು.

ಸಿಗುತ್ತಿದ್ದುದೆಲ್ಲ ನನ್ನ ಷಡ್ಡಕ ನಂಜೇಗೌಡನಿಗೆ. ನನ್ನ ಹೆಂಡತಿಯ ತಂಗಿಯನ್ನು ಕಟ್ಟಿಕೊಂಡವನು. ಮಳವಳ್ಳಿಯಲ್ಲಿ ಬೆಲ್ಲದ ವ್ಯಾಪಾರ. ಒನಕೆಗೂ ಕೋವಿಗೂ ವ್ಯತ್ಯಾಸ ತಿಳಿಯದ ಮನುಷ್ಯ, ಆದರೆ ಗಾಳಿ ಬಂದಾಗ ತೂರಿಕೊಳ್ಳುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ವಿದ್ಯುತ್ ಕೇಂದ್ರವಿರುವ ಬ್ಲಫ್ ಎಂಬಲ್ಲಿಗೆ ಯಾರಿಗೋ ಬೆಲ್ಲ ಕೊಡಲು ಹೋದವನು ಊರಿಗೆ ಹೊರಟಿದ್ದ ದೊರೆಯ ರೈಫಲ್ಲನ್ನು ಹೆಗಲ ಮೇಲೆ ಹಾಕಿಕೊಂಡು ಬಂದ. ಇದಕ್ಕಿಂತ ದೊಡ್ಡ ಹಿಂಸೆಯೆಂದರೆ ಪ್ರತಿಯೊಂದನ್ನೂ ಮಂಡ್ಯಕ್ಕೆ ತಂದು ನನ್ನ ಮಡಿಲಲ್ಲಿಟ್ಟು, "ಇದು ಎಂತಾದ್ದು ನೋಡು ಅಣ್ಣಯ್ಯ, ನಂಗೇನು ತಿಳೀತದೆ" ಎನ್ನುತ್ತಿದ್ದುದು. ಅದು ಎಂಥ ಮಾಲು, ಅವನಿಗೆ ಎಷ್ಟು ಸೋವಿಯಾಗಿ ಸಿಕ್ಕಿದೆ ಎಂದು ನನ್ನ ಬಾಯಿಂದಲೇ ಹೇಳಬೇಕು. ಆ ರಾತ್ರಿಗಳಲ್ಲಿ ನನಗೆ ಊಟ ಸೇರುತ್ತಿರಲಿಲ್ಲ.

ಇಷ್ಟಾದರೂ ನನಗೊಂದು ಸಮಾಧಾನವಿತ್ತು. ಚಿಕ್ಕರಸಿನಕೆರೆ ಕಡೆಯ ಒಂದು ಹಳ್ಳಿಯಲ್ಲಿ ನನಗೆ ದೂರದ ಸಂಬಂಧದಲ್ಲಿ ಮಾವನಾಗಬೇಕಾದ ಪಟೇಲರಿದ್ದರು. ಅವರ ಜೋಡುನಳಿಗೆಯ ಕೋವಿಯೊಂದು ನನ್ನದಾದರೆ ಪ್ರಪಂಚದ ಉಳಿದ ಕೋವಿಗಳೆಲ್ಲ ನಂಜೇಗೌಡನಿಗೇ ಹೋಗಲಿ ಎಂದುಕೊಂಡಿದ್ದೆ. ಮದುವೆಗೆ ಮುಂಚೆ ರಜೆ ಸಿಕ್ಕಾಗಲೆಲ್ಲ ಅವರ ಜತೆ ಶಿಂಷಾ ದಡದಲ್ಲಿ ಅಲೆಯುತ್ತಿದ್ದೆ. ಕೊಕ್ಕರೆ ಬೆಳ್ಳೂರಿನ ಎಲ್ಲೆ ಬಂದರೆ ಪಟೇಲರು ತೋಟಾ ಎರಡನ್ನೂ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಆ ಊರಿನವರು ಹಕ್ಕಿಗಳನ್ನು ಮನೆಮಕ್ಕಳಂತೆ ಕಾಣುತ್ತಾರೆ, ಅಲ್ಲಿ ತುಂಬಿದ ಕೋವಿ ಹಿಡಿದು ನಡೆಯುವುದೇ ತಪ್ಪು ಎನ್ನುತ್ತಿದ್ದರು. ಒಂದು ದಿನ ಕೋವಿಯನ್ನು ನನ್ನ ಕೈಗೆ ಕೊಟ್ಟು, "ಇದು ಒದೀತದೆ ಕಣಯ್ಯ, ಕತ್ತೆ ಒದ್ದಂಗೆ. ತಡ್ಕಳೋನು ಮಾತ್ರ ಮುಟ್ಬೇಕು" ಎಂದರು. ಕುದುರೆ ಎಳೆದೆ. ಈಡು ಹಾರಿದ ರಭಸಕ್ಕೆ ಹಿಂದಕ್ಕೆ ಬಿದ್ದೆ. ಬಲಭುಜದಲ್ಲಿ ಹಿಡಿಯ ಅಚ್ಚು ನೀಲಿಗಟ್ಟಿತು. ಆ ಕಲೆ ಆರುವವರೆಗೂ ಅಂಗಿ ಬಿಚ್ಚಿದಾಗಲೆಲ್ಲ ನೋಡಿ ನೋಡಿ ಸಂತೋಷಪಟ್ಟೆ. ಮುಂದೆ ಮದುವೆಯ ಉಂಗುರವೂ ನನಗೆ ಅಷ್ಟು ಹೆಮ್ಮೆ ಕೊಡಲಿಲ್ಲ.

ಪಟೇಲರು ತೀರಿಕೊಂಡರು. ಗಂಡುಮಕ್ಕಳಿಲ್ಲ, ಮನೆಯಲ್ಲಿ ಉಳಿದವರು ಅವರ ಹೆಂಡತಿ, ನಾನು ಅತ್ತೆ ಎನ್ನುತ್ತಿದ್ದವರು. ಕೋವಿಯನ್ನು ಲೈಸೆನ್ಸಿದ್ದವರಿಗೆ ಮಾರಬೇಕು, ಇಲ್ಲವೇ ಠಾಣೆಗೆ ಒಪ್ಪಿಸಬೇಕು. ಮಣ್ಣಿಗೆ ಹೋದ ದಿನವೇ ಕೇಳಿಬಿಡೋಣ ಎಂದು ನಾಲಗೆ ತುರಿಸಿತು. ಆದರೆ ಸೂತಕದ ಮನೆಯಲ್ಲಿ ವ್ಯಾಪಾರದ ಮಾತೆತ್ತಬಾರದು, ತಿಥಿ ಆಗಲಿ ಎಂದು ಹಿರಿಯರು ಹೇಳಿಕೊಟ್ಟಂತೆ ಬಾಯಿ ಮುಚ್ಚಿಕೊಂಡು ಬಂದೆ. ತಿಥಿಯ ದಿನ ಹೋಗಿ ನಡುಮನೆಯ ಗೋಡೆ ನೋಡಿದರೆ ಗೂಟ ಖಾಲಿ. ತಿಥಿಗೆ ಮುಂಚೆ, ಹಾಲು-ತುಪ್ಪ ಬಿಡುವ ದಿನವೇ ನಂಜೇಗೌಡ ಬಂದಿದ್ದನಂತೆ. ಬೆಲ್ಲದ ವ್ಯವಹಾರದಲ್ಲಿ ಪಟೇಲರ ಪರಿಚಯ. ಕಣ್ಣೀರು ಹಾಕಿ, ಊಟ ಮಾಡಿ, ಎಲೆ ಎತ್ತುವ ಮೊದಲೇ ಕೋವಿಯ ಮಾತಾಡಿ, ಅತ್ತೆ ಕೇಳಿದ್ದರಲ್ಲಿ ಅರ್ಧಕ್ಕೇ ಒಪ್ಪಿಸಿದ್ದನಂತೆ. ಉಂಡೂ ಹೋದ ಕೊಂಡೂ ಹೋದ ಎಂಬ ಗಾದೆಯನ್ನು ಇವನನ್ನು ಕಂಡೇ ಕಟ್ಟಿರಬೇಕು.

ಅತ್ತೆ ನನ್ನ ಮುಖ ನೋಡಿ ಒಳಗೆ ಹೋಗಿ ಕೋವಿಯ ತೊಗಲು ಪಟ್ಟಿಯನ್ನು ತಂದು ಕೈಗಿಟ್ಟರು. ನಮ್ಮ ಕಡೆ ಎತ್ತು ಮಾರಿದರೆ ಹಗ್ಗ ಕೊಡುವುದಿಲ್ಲ. ಹಗ್ಗ ಹೋದರೆ ಕೊಟ್ಟಿಗೆಯ ಭಾಗ್ಯವೂ ಹೋಗುತ್ತದೆ ಎಂದು ಬಿಚ್ಚಿಟ್ಟುಕೊಳ್ಳುತ್ತಾರೆ. ಅತ್ತೆ ಕೋವಿಗೂ ಹಾಗೇ ಮಾಡಿದ್ದರು.

"ಪಟ್ಟೀನೂ ಕೊಡು ಅಂತ ಗೋಗರೆದ ನಿನ್ನ ಷಡ್ಡಕ. ಕೊಡ್ನಿಲ್ಲ. ನಿಮ್ಮಾವ ಇದ್ದಿದ್ರೆ ಕೋವೀನ ನಿಂಗೇ ಕೊಡೋರು. ಇದ್ನಾದ್ರೂ ತಗಂಡೋಗಪ್ಪ" ಎಂದರು.

ಎತ್ತು ಅವನಿಗೆ, ಹಗ್ಗ ನನಗೆ. ಮನೆಗೆ ತಂದು ಗೂಟಕ್ಕೆ ತೂಗುಹಾಕಿದೆ. ಅದನ್ನು ನೋಡಿದಾಗಲೆಲ್ಲ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಗುತ್ತಿತ್ತು.

ಕೆಲವು ವಾರ ಕಳೆದಿರಬೇಕು. ಒಂದು ಭಾನುವಾರ ಸಂಜೆ ಜಗಲಿಯಲ್ಲಿ ಕುಳಿತು ಕಾಫಿ ಕುಡಿಯುತ್ತಿದ್ದೆ. ಬಲಭುಜಕ್ಕೆ ಏನೋ ಬಲವಾಗಿ ಬಡಿಯಿತು. ಲೋಟ ಅತ್ತ, ನಾನು ಇತ್ತ. ಎದ್ದು ಕೂರುವಷ್ಟರಲ್ಲಿ ಅದೇ ಜಾಗಕ್ಕೆ ಇನ್ನೊಂದು ಏಟು. ಬೀದಿಯಲ್ಲಿ ನರಪಿಳ್ಳೆ ಇರಲಿಲ್ಲ. ನನ್ನವಳು ವಾಯು ಹಿಡಿದಿದೆ ಎಂದು ಎಣ್ಣೆ ಕಾಯಿಸಿ ತಂದಳು. ಅಂಗಿ ಬಿಚ್ಚಿದರೆ ಭುಜ ನೀಲಿಗಟ್ಟಿತ್ತು. ಆ ಗುರುತಿನ ಆಕಾರ ನನಗೆ ಹಳೆಯ ಪರಿಚಯ. ಆದರೂ ನಾನು ಅದನ್ನು ಒಪ್ಪಲಿಲ್ಲ. ನರ ಹಿಡಿದಿದೆ ಎಂದೇ ವಾದಿಸಿದೆ.

ಎರಡು ದಿನ ಬಿಟ್ಟು ನಂಜೇಗೌಡ ಬಂದ, ಕ್ಯಾರಿಯರಿನಲ್ಲಿ ಹಂದಿ ಮಾಂಸ ಹಿಡಿದುಕೊಂಡು. ಆ ಹಂದಿ ಭಾನುವಾರ ಸಂಜೆ ಕಬ್ಬಿನ ಗದ್ದೆಗೆ ನುಗ್ಗಿತ್ತಂತೆ. ಪಟೇಲರ ಕೋವಿಯಲ್ಲಿ ಎರಡು ಈಡು.

"ಆ ಮುದುಕ ಒದೀತದೆ ಒದೀತದೆ ಅಂತ ಸುಮ್ಕೆ ಎದರಿಸ್ತಿದ್ದ ಅಣ್ಣಯ್ಯ. ಭುಜದ ಮ್ಯಾಲೆ ಹೂ ಮಡಗ್ದಂಗಿರ್ತದೆ" ಎಂದ.

ನನ್ನವಳು ಒಳಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಮುಂದಿನ ಭಾನುವಾರ ಇದ್ದಿಲಿನ ಗ್ಯಾಸಿನ ಬಸ್ಸು ಹತ್ತಿ, ಕೆಮ್ಮುತ್ತಾ ಮಳವಳ್ಳಿಗೆ ಹೋದೆ.

ನಡುಮಧ್ಯಾಹ್ನ. ಕೊಯ್ದ ರಾಗಿ ಹೊಲದ ಬದುವಿನ ಮೇಲೆ ಒಡಕು ಮಡಕೆಯೊಂದನ್ನಿಟ್ಟು, ಎಲ್ಲಿ ಹೊಡಿ ನೋಡೋಣ ಎಂದೆ. ತೋಟಾ ಸಿಗುವುದೇ ಕಷ್ಟವಾಗಿದ್ದ ದಿನಗಳು, ಅವನು ಗೊಣಗಿದ. ಹೊಸ ಕೋವಿಯನ್ನು ತೋರಿಸಿಕೊಳ್ಳುವ ಆಸೆ ಗೆದ್ದಿತು. ನಾನು ನಾಲ್ಕು ಮಾರು ಹಿಂದೆ, ಕೈಕಟ್ಟಿಕೊಂಡು ನಿಂತೆ. ನನ್ನ ಸುತ್ತ ಮರವಿಲ್ಲ, ಗೋಡೆಯಿಲ್ಲ, ಮನುಷ್ಯರಿಲ್ಲ. ಅವನು ಹೊಡೆದ. ಮಡಕೆ ಚೂರಾಯಿತು. ಅವನ ಭುಜ ಅಲುಗಲಿಲ್ಲ, ತಲೆಯ ಟವೆಲ್ಲು ಕೂಡ ಜಾರಲಿಲ್ಲ. ನಾನು ರಾಗಿ ಕೂಳೆಯ ಮೇಲೆ ಅಂಗಾತ ಬಿದ್ದಿದ್ದೆ.

ಅವನು ತಿರುಗಿ ನೋಡಿ ನಕ್ಕ. ಸದ್ದಿಗೇ ಬಿದ್ದೆಯಾ ಎಂದು ಕೇಳಿದ. ನಾನು ಎದ್ದು ನಿಂತು, ಇನ್ನೊಂದು ನಳಿಗೆ ಹೊಡಿ, ಹೊಡೆಯುವಾಗ ನನ್ನನ್ನು ನೋಡುತ್ತಿರು ಎಂದೆ. ನಗುತ್ತಲೇ ಕೋವಿಯನ್ನು ಬದುವಿನ ಕಡೆ ಹಿಡಿದು, ಮುಖವನ್ನು ನನ್ನ ಕಡೆ ತಿರುಗಿಸಿ ಕುದುರೆ ಎಳೆದ. ಈ ಸಲ ನನ್ನ ಅಂಗಿಯ ಭುಜದಲ್ಲಿ ಹಳ್ಳ ಬಿದ್ದದ್ದನ್ನು, ಆಮೇಲೆ ನಾನು ಬಿದ್ದದ್ದನ್ನು ಅವನು ಕಣ್ಣಾರೆ ಕಂಡ.

ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತ. ಮುಖ ಬಿಳಿಚಿಕೊಂಡಿತ್ತು. "ಅಣ್ಣಯ್ಯ, ನಿಜ ಏಳು. ಇದರ ಮ್ಯಾಲೆ ಏಟೊಂದು ಆಸೆ ಮಡಗಿದ್ದೆ ನೀನು?"

"ನಿನ್ನ ಕಂಡ್ರೆ ಹೊಟ್ಟೆ ಉರೀತದೆ ಕಣ್ಲಾ. ಇದ್ನ ಒತ್ಕಂಡು ಬಂದ್ಯಲ್ಲ, ಅವತ್ನಿಂದ ನಾನು ಸರಿಯಾಗಿ ನಿದ್ದೆ ಮಾಡಿಲ್ಲ" ಎಂದೆ. ನನ್ನ ಬಾಯಿಂದ ಹಳ್ಳಿಯ ಮಾತೇ ಬಂದುಬಿಟ್ಟಿತು. ಹೇಳಿದ ಮೇಲೆ ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಕೂಳೆ ಬೆನ್ನಿಗೆ ಚುಚ್ಚುತ್ತಿತ್ತು, ಭುಜ ಬೇಯುತ್ತಿತ್ತು, ಆದರೂ ಒಳಗೆ ಒಂದು ಸುಖವಿತ್ತು. ಕೋವಿ ಅವನ ಕೈಯಲ್ಲಿದ್ದರೂ ಒದೆದದ್ದು ನನ್ನನ್ನು. ಯಾರು ತನ್ನವರು ಎಂದು ಅದಕ್ಕೆ ಗೊತ್ತಿದೆ ಎಂದುಕೊಂಡೆ.

ನಂಜೇಗೌಡ ಕೋವಿಯನ್ನು ನನ್ನ ಪಕ್ಕದಲ್ಲಿ ನೆಲದ ಮೇಲೆ ಮಲಗಿಸಿದ. "ತಗಂಡೋಗು. ನಂಗೇನೂ ಕೊಡಬ್ಯಾಡ. ಇದ್ನ ಮನೇಲಿ ಮಡೀಕಂಡು ನಾನು ಮಲಗಾಕಿಲ್ಲ" ಎಂದ. ಅವನ ಜೀವಮಾನದಲ್ಲಿ ಅವನು ಬಿಟ್ಟಿಯಾಗಿ ಕೊಟ್ಟ ವಸ್ತು ಅದೊಂದೇ ಇರಬೇಕು. ಕೋವಿಗಳ ಸುಗ್ಗಿಯಲ್ಲಿ ಕೊನೆಗೂ ಎಲ್ಲರಿಗಿಂತ ಸೋವಿಯಾಗಿ ಕೊಂಡವನು ನಾನೇ ಆದೆ.

ಲೈಸೆನ್ಸು ನನ್ನ ಹೆಸರಿಗೆ ಬದಲಾಗಿ ಕೋವಿ ಮನೆಗೆ ಬಂದ ದಿನ ಪಟ್ಟಿಯನ್ನು ಕಟ್ಟಿ, ಅರಿಶಿನ ಕುಂಕುಮ ಹಚ್ಚಿದೆ. ಹಗ್ಗವೂ ಎತ್ತೂ ಒಂದೇ ಕೊಟ್ಟಿಗೆಗೆ ಬಂದಿದ್ದವು. ಭುಜದ ನೋವು ಪೂರ್ತಿ ಮಾಯುವವರೆಗೆ ಕಾದೆ. ಆಮೇಲೆ ಒಂದು ಬೆಳಿಗ್ಗೆ ಮದ್ದೂರಿನ ಆಚೆ ಶಿಂಷಾ ದಡಕ್ಕೆ ಹೋದೆ. ಹಳೆಯ ನೆನಪಿನಿಂದ ಕಾಲು ಅಗಲಿಸಿ, ಹಲ್ಲು ಕಚ್ಚಿ, ಒದೆಗೆ ಭುಜ ಕೊಟ್ಟು ನಿಂತೆ. ಎದುರಿನ ಮರಳುದಿಣ್ಣೆಗೆ ಗುರಿಯಿಟ್ಟು ಕುದುರೆ ಎಳೆದೆ.

ಸದ್ದಾಯಿತು, ಮರಳು ಹಾರಿತು. ಭುಜದ ಮೇಲೆ ಹೂವಿಟ್ಟಂತೆ ಇತ್ತು.

ಎರಡನೆಯ ನಳಿಗೆಯೂ ಹಾಗೇ. ಅಲ್ಲಿಂದ ನೇರ ಮದ್ದೂರಿಗೆ ಬಂದು ಕೋವಿ ರಿಪೇರಿ ಮಾಡುವ ಸಾಬರಿಗೆ ತೋರಿಸಿದೆ. ಅವರು ಬಿಚ್ಚಿ ನೋಡಿ, ಎಲ್ಲ ಸರಿಯಾಗಿದೆ, ಈಡು ಹಾರಿದ ಮೇಲೆ ಒದೆಯದಿರುವ ಬಂದೂಕು ಇಲ್ಲ ಸ್ವಾಮಿ ಎಂದರು. ಮಳವಳ್ಳಿಗೆ ಹೋಗಿ ನಂಜೇಗೌಡನ ಅಂಗಿ ಬಿಚ್ಚಿಸಿದೆ; ಅವನ ಭುಜ ಬೆಣ್ಣೆಯಂತಿತ್ತು. ಆ ಬೆಳಿಗ್ಗೆ ಅವನು ನೆಮ್ಮದಿಯಾಗಿ ಬೆಲ್ಲ ತೂಗುತ್ತಿದ್ದನಂತೆ. ಅತ್ತೆಯ ಮನೆಗೂ ಹೋದೆ. ಅವರು ಬಲಗೈಯಲ್ಲೇ ರಾಗಿ ಬೀಸುತ್ತಿದ್ದರು. ನೋವು ಗೀವು ಏನಾದರೂ ಎಂದು ಕೇಳಿದ್ದಕ್ಕೆ, "ನಂಗ್ಯಾತರ ನೋವು? ಆ ಕೋವಿ ಕಂಡ್ರೇ ನಂಗಾಗ್ತಿರ್ನಿಲ್ಲ ಕಣಪ್ಪ. ಮನೆ ಬಿಟ್ಟೋಯ್ತಲ್ಲ, ಸದ್ಯ" ಎಂದರು.

ಹಾಗಾದರೆ ಆ ಎರಡು ಒದೆ ಯಾರಿಗೆ ಬಿತ್ತು? ಪಟ್ಟಿ ಇದ್ದವನಿಗೆ ಒದೆ ಎನ್ನೋಣವೆಂದರೆ ಪಟ್ಟಿಯೂ ನನ್ನಲ್ಲೇ ಇತ್ತು. ಆಸೆಪಟ್ಟವನಿಗೆ ಒದೆ ಎನ್ನೋಣವೆಂದರೆ ನನ್ನ ಆಸೆ ಕೂದಲೆಳೆಯಷ್ಟೂ ಕಡಿಮೆಯಾಗಿರಲಿಲ್ಲ. ಕಲಿತವರನ್ನು ಕೇಳಿದ್ದೇನೆ, ಅವರು ನನ್ನ ವಯಸ್ಸು ಕೇಳುತ್ತಾರೆ. ನನ್ನವಳು ಹಂದಿ ಮಾಂಸ ಅರಗಲಿಲ್ಲ ಎಂದು ಆ ಮಾತನ್ನೇ ಮುಗಿಸಿಬಿಟ್ಟಳು. ಇಷ್ಟು ವರ್ಷ ಯೋಚಿಸಿ ನನಗೆ ತೋರುವುದು ಒಂದೇ. ಎಲ್ಲೋ ಇನ್ನೊಬ್ಬನಿದ್ದಾನೆ. ಪಟೇಲರ ಜತೆ ನನಗಿಂತ ಮುಂಚೆ ಅಲೆದವನೋ, ಒಮ್ಮೆ ಬೇಲಿಯಾಚೆಯಿಂದ ಆ ಕೋವಿಯನ್ನು ನೋಡಿ ಹೋದವನೋ ತಿಳಿಯದು. ನಾನು ಬಯಸಿದ್ದಕ್ಕಿಂತ ಹೆಚ್ಚಾಗಿ ಬಯಸಿದವನು. ಮಂಡ್ಯದ ಸಂತೆಯಲ್ಲಿ ಯಾರಾದರೂ ಬಲಭುಜ ನೀವಿಕೊಳ್ಳುವುದು ಕಂಡರೆ ನಾನು ಇವತ್ತಿಗೂ ನಿಂತು ಅವನ ಮುಖ ನೋಡುತ್ತೇನೆ.

ಆ ಬೆಳಿಗ್ಗೆಯ ಮೇಲೆ ಪಟೇಲರ ಕೋವಿಯಿಂದ ನಾನು ಒಂದು ಈಡೂ ಹೊಡೆದಿಲ್ಲ. ಯಾರಿಗೋ ನೋವಾದೀತು ಎಂಬ ಕರುಣೆಯಿಂದಲ್ಲ. ಆ ಒದೆ ಅವನಿಗೆ ಯಾಕೆ ಸಿಗಬೇಕು ಎಂದು.